ಪಾರಿವಾಳಕ್ಕೆ ಕಾಳು ಹಾಕಲು ಬಂದವರು

ಗವರ್ನರ್ ಅಂದ ಕೂಡಲೇ ನಮಗೆ ನೆನಪಾಗೋದು ಪ್ರಮಾಣವಚನ ಬೋಧಿಸುವ, ಸರ್ಕಾರ ಬರೆದುಕೊಟ್ಟ ಭಾಷಣವನ್ನು ಸದನದಲ್ಲಿ ಓದುವ ರಾಜ್ಯಪಾಲರು. ಅವರಿಗೆ ನಾವ್ಯಾರೂ ಓಟು ಹಾಕಿಲ್ಲ, ಹಾಕುವುದೂ ಇಲ್ಲ. ರಷ್ಯಾದ ಗವರ್ನರ್ ಹಾಗಲ್ಲ. ಆ ಪ್ರದೇಶದ ರಸ್ತೆ, ಆಸ್ಪತ್ರೆ, ಬಜೆಟ್ಟು ಎಲ್ಲಾ ಅವನ ಸುಪರ್ದಿ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಆತ ಮುಖ್ಯಮಂತ್ರಿ! ಅಲ್ಲಿ ಪ್ರತಿ ಸೆಪ್ಟೆಂಬರ್ ಬಂತೆಂದರೆ ಒಂದಷ್ಟು ಪ್ರದೇಶಗಳಲ್ಲಿ ಗವರ್ನರ್ ಚುನಾವಣೆ. "ಗೆಲ್ಲೋದು ಯಾರು ಅಂತ ಮೊದಲೇ ಗೊತ್ತಲ್ಲ, ಓದೋಕೇನಿದೆ?" ಅಂತ ನಾನೂ ಪುಟ ತಿರುವುತ್ತಿದ್ದವನೇ. ಖಬಾರೋವ್ಸ್ಕಿನ ಕಥೆ ಓದಿದ ಮೇಲೆ ಹಾಗೆ ತಿರುವೋಕೆ ಮನಸ್ಸು ಬರ್ತಿಲ್ಲ.

ಖಬಾರೋವ್ಸ್ಕ್ ಇರೋದು ರಷ್ಯಾದ ಪೂರ್ವದ ತುದಿಯಲ್ಲಿ, ಆಮೂರ್ ನದಿಯ ದಂಡೆಯಲ್ಲಿ. ಚೀನಾದ ಗಡಿ ಕೂಗಳತೆಯಲ್ಲಿದೆ ಅನ್ನಬಹುದು. ಮಾಸ್ಕೋ ಮಾತ್ರ ರೈಲಿನಲ್ಲಿ ಹೋದರೆ ಎಂಟು ಸಾವಿರದ ಐನೂರು ಕಿಲೋಮೀಟರು. ಮಾಸ್ಕೋದವರು ಬೆಳಗಿನ ಕಾಫಿ ಕುಡಿಯುವಾಗ ಇಲ್ಲಿ ಮಧ್ಯಾಹ್ನ ಮೂರು ಗಂಟೆ. 2006ರಲ್ಲಿ ಬಂದ 5,000 ರೂಬಲ್ ನೋಟಿನ ಒಂದು ಬದಿಯಲ್ಲಿ ಈ ಊರಿನ ಸೇತುವೆ, ಇನ್ನೊಂದು ಬದಿಯಲ್ಲಿ ಮುರಾವ್ಯೋವ್-ಆಮೂರ್ಸ್ಕಿಯ ಪ್ರತಿಮೆ ಇದೆ. 1858ರಲ್ಲಿ ಚೀನಾದ ಜೊತೆ ಒಪ್ಪಂದ ಮಾಡಿಕೊಂಡು ಆಮೂರಿನ ಎಡದಂಡೆಯನ್ನು ರಷ್ಯಾಕ್ಕೆ ಸೇರಿಸಿದ ಮನುಷ್ಯ ಈತ. ಆತನೂ ಗವರ್ನರೇ, ಚಕ್ರವರ್ತಿ ನೇಮಿಸಿದ ಗವರ್ನರ್-ಜನರಲ್.

ಈ ಕುರ್ಚಿಯ ಇತಿಹಾಸವೇ ಹಾಗೆ ನೋಡಿ. 1708ರಲ್ಲಿ ಮೊದಲನೇ ಪೀಟರ್ ದೇಶವನ್ನು ಎಂಟು ಗುಬೆರ್ನಿಯಾಗಳಾಗಿ ಹಂಚಿ ಒಂದೊಂದಕ್ಕೂ ತನ್ನವನನ್ನು ಕೂರಿಸಿದ. ಸೋವಿಯತ್ ಕಾಲದಲ್ಲಿ ಹೆಸರು ಬದಲಾಯ್ತು, ಪಕ್ಷದ ಕಾರ್ಯದರ್ಶಿ ಅಂತ. ಕಳಿಸುವವರು ಮಾತ್ರ ಮೇಲಿನವರೇ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ಯೆಲ್ಟ್‌ಸಿನ್ ಕೂಡ ಬಹುತೇಕ ಕಡೆ ತಾವೇ ನೇಮಿಸಿದರು. ಖಬಾರೋವ್ಸ್ಕಿಗೆ ಬಂದವರು ವಿಕ್ತರ್ ಇಶಾಯೆವ್. ಜನ ಓಟು ಹಾಕಿ ಗವರ್ನರನ್ನು ಆರಿಸಿದ್ದು 1996ರಲ್ಲಿ. ಆಗಲೂ ಗೆದ್ದವರು ಇಶಾಯೆವ್, ಆ ಮಾತು ಬೇರೆ!

ಈ ಹಕ್ಕು ಹೆಚ್ಚು ಕಾಲ ಉಳಿಯಲಿಲ್ಲ. 2004ರ ಸೆಪ್ಟೆಂಬರ್ ಒಂದರಂದು ಬೆಸ್ಲಾನ್ ಎಂಬ ಊರಿನ ಶಾಲೆಯನ್ನು ಭಯೋತ್ಪಾದಕರು ಹಿಡಿದರು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಅರ್ಧಕ್ಕಿಂತ ಹೆಚ್ಚು ಮಕ್ಕಳು. ದೇಶ ಇನ್ನೂ ಅಳುತ್ತಿರುವಾಗಲೇ, ಎರಡು ವಾರದೊಳಗೆ, ಪುಟಿನ್ ಗವರ್ನರುಗಳ ನೇರ ಚುನಾವಣೆ ನಿಲ್ಲಿಸುವುದಾಗಿ ಹೇಳಿದರು. ದೇಶ ಒಗ್ಗಟ್ಟಾಗಿರಬೇಕಾದರೆ ಆಡಳಿತ ಒಂದೇ ಸರಪಳಿಯಾಗಿರಬೇಕು ಅನ್ನೋದು ವಾದ. ಶಾಲೆಯ ದುರಂತಕ್ಕೂ ಮತಪೆಟ್ಟಿಗೆಗೂ ಎತ್ತಣ ಸಂಬಂಧ? ಡಿಸೆಂಬರಿನಲ್ಲಿ ಕಾನೂನೇ ಆಗಿಹೋಯ್ತು.

2011ರ ಕೊನೆಯಲ್ಲಿ ಮಾಸ್ಕೋದ ಚಳಿಯಲ್ಲಿ ಸಾವಿರಾರು ಜನ ಬೀದಿಗಿಳಿದ ಮೇಲೆ, 2012ರಲ್ಲಿ ಚುನಾವಣೆ ವಾಪಸ್ ಬಂತು. ಆದರೆ ಕೈಯಲ್ಲೊಂದು ಜರಡಿ ಹಿಡಿದು ಬಂತು. ಸ್ಪರ್ಧಿಸಬೇಕೆನ್ನುವವರು ಪ್ರದೇಶದ ಸ್ಥಳೀಯ ಸಂಸ್ಥೆಗಳ ಸದಸ್ಯರಲ್ಲಿ ಶೇ. 5ರಿಂದ 10ರಷ್ಟು ಜನರ ಸಹಿ ತರಬೇಕು. ಆ ಸದಸ್ಯರಲ್ಲಿ ಬಹುಪಾಲು ಆಳುವ 'ಯೆದಿನಯಾ ರಸ್ಸೀಯಾ' ಪಕ್ಷದವರು. ಅಂದರೆ ಎದುರಾಳಿ ಯಾರಿರಬೇಕು ಅಂತ ತೀರ್ಮಾನಿಸೋದು ಗದ್ದುಗೆಯಲ್ಲಿದ್ದವರೇ. ಕಬಡ್ಡಿಯಲ್ಲಿ ಎದುರು ತಂಡವನ್ನೂ ನಾನೇ ಆರಿಸ್ತೀನಿ ಅಂದ ಹಾಗೆ!

2018ರಲ್ಲಿ ಖಬಾರೋವ್ಸ್ಕಿನ ಗವರ್ನರ್ ಆಗಿದ್ದವರು ವ್ಯಾಚೆಸ್ಲಾವ್ ಶ್ಪೋರ್ತ್. ಅವರ ಎದುರು ಜರಡಿ ದಾಟಿ ನಿಂತವರಲ್ಲಿ ಎಲ್‌ಡಿಪಿಆರ್ ಪಕ್ಷದ ಸೆರ್ಗೇಯ್ ಫುರ್ಗಾಲ್ ಒಬ್ಬರು. ಓದಿದ್ದು ವೈದ್ಯಕೀಯ, ಆಮೇಲೆ ವ್ಯಾಪಾರ, ಆಮೇಲೆ ಸಂಸದ. ಪ್ರಚಾರವನ್ನೂ ಅಷ್ಟಾಗಿ ಮಾಡಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಸರ್ಕಾರ ಪಿಂಚಣಿ ವಯಸ್ಸನ್ನು ಏರಿಸಲು ಹೊರಟಿತ್ತು, ಗಂಡಸರಿಗೆ 60ರಿಂದ 65ಕ್ಕೆ. ಜನ ಒಳಗೊಳಗೇ ಕುದಿಯುತ್ತಿದ್ದರು. ಮೊದಲ ಸುತ್ತಿನಲ್ಲಿ ಇಬ್ಬರಿಗೂ ಶೇ. 36ರ ಆಸುಪಾಸು, ಫುರ್ಗಾಲ್ ಕೂದಲೆಳೆಯಷ್ಟು ಮುಂದೆ. ಶ್ಪೋರ್ತ್ ಅವರನ್ನು ತಮ್ಮ ಸರ್ಕಾರದಲ್ಲಿ ದೊಡ್ಡ ಸ್ಥಾನಕ್ಕೆ ಕರೆದರು, ಅವರು ಆಗಲಿ ಅಂದರು! ಆದರೆ ಜನ ಕೇಳಬೇಕಲ್ಲ? ಸೆಪ್ಟೆಂಬರ್ 23ರ ಎರಡನೇ ಸುತ್ತಿನಲ್ಲಿ ಫುರ್ಗಾಲ್‌ಗೆ ಸುಮಾರು ಶೇ. 70 ಮತ.

ಇದಕ್ಕೆ ಒಂದು ವಾರ ಮೊದಲು ಪಕ್ಕದ ಪ್ರಿಮೋರ್ಯೆಯಲ್ಲೂ ಹೀಗೇ ಆಗಿತ್ತು. ಶೇ. 95ರಷ್ಟು ಎಣಿಕೆ ಮುಗಿಯುವವರೆಗೂ ಕಮ್ಯುನಿಸ್ಟ್ ಅಭ್ಯರ್ಥಿ ಇಶೆಂಕೊ ಮುಂದಿದ್ದರು. ಉಳಿದ ಚೂರು ಎಣಿಸುವಷ್ಟರಲ್ಲಿ ಸರ್ಕಾರದ ಅಭ್ಯರ್ಥಿ ಮುಂದೆ ಬಂದುಬಿಟ್ಟರು. ಗಲಾಟೆಯಾಗಿ ಫಲಿತಾಂಶವೇ ರದ್ದಾಯ್ತು. ಡಿಸೆಂಬರಿನ ಮರುಚುನಾವಣೆಯಲ್ಲಿ ಇಶೆಂಕೊ ಕಣದಲ್ಲೇ ಇರಲಿಲ್ಲ, ನೋಂದಣಿಯೇ ಸಿಗಲಿಲ್ಲ. ಅದೇ ಡಿಸೆಂಬರಿನಲ್ಲಿ ದೂರಪೂರ್ವದ ಆಡಳಿತ ಕೇಂದ್ರವನ್ನು ಖಬಾರೋವ್ಸ್ಕಿನಿಂದ ವ್ಲಾದಿವೊಸ್ತೊಕ್‌ಗೆ ಎತ್ತಂಗಡಿ ಮಾಡಲಾಯಿತು. ಇದು ನಮಗೆ ಕೊಟ್ಟ ಶಿಕ್ಷೆ ಅಂತ ಖಬಾರೋವ್ಸ್ಕಿನಲ್ಲಿ ಅನೇಕರು ಅಂದುಕೊಂಡರು.

ಫುರ್ಗಾಲ್ ಸಂತರೇನಲ್ಲ. ಆದರೆ ಬಂದವರೇ ತಮ್ಮ ಸಂಬಳ ಇಳಿಸಿಕೊಂಡರು, ಸರ್ಕಾರದ ಐಷಾರಾಮಿ ದೋಣಿಯನ್ನು ಮಾರಾಟಕ್ಕಿಟ್ಟರು. ಸಿಟ್ಟಿನಿಂದ ಹಾಕಿದ ಓಟು ನಿಧಾನಕ್ಕೆ ಅಭಿಮಾನವಾಯ್ತು. 2019ರ ಪ್ರಾದೇಶಿಕ ಶಾಸನಸಭೆ ಚುನಾವಣೆಯಲ್ಲಿ 36 ಸ್ಥಾನಗಳಲ್ಲಿ ಯೆದಿನಯಾ ರಸ್ಸೀಯಾಕ್ಕೆ ಸಿಕ್ಕಿದ್ದು ಬರೀ ಎರಡು!

2020ರ ಜುಲೈ 9ರಂದು ಫುರ್ಗಾಲ್ ಬಂಧನ. ಹದಿನೈದು ವರ್ಷ ಹಿಂದಿನ ಕೊಲೆಗಳನ್ನು ಮಾಡಿಸಿದ ಆರೋಪ. ಅವರು ಒಪ್ಪಿಕೊಳ್ಳಲಿಲ್ಲ. ಎರಡು ದಿನ ಬಿಟ್ಟು, ಶನಿವಾರ, ಲೆನಿನ್ ಚೌಕಕ್ಕೆ ಸಾವಿರ ಸಾವಿರ ಜನ ಬಂದರು. ಮರುವಾರವೂ ಬಂದರು. ಮೆರವಣಿಗೆಗೆ ಅನುಮತಿ ಇಲ್ಲವಲ್ಲ, "ನಾವು ಪಾರಿವಾಳಕ್ಕೆ ಕಾಳು ಹಾಕೋಕೆ ಬಂದಿದ್ದೀವಿ" ಅನ್ನೋರು! ಅವರ ಬೇಡಿಕೆ ತೀರಾ ಸರಳ. ತಪ್ಪು ಮಾಡಿದ್ದರೆ ಇಲ್ಲೇ, ಖಬಾರೋವ್ಸ್ಕಿನಲ್ಲೇ, ನಮ್ಮ ಕಣ್ಣೆದುರು ವಿಚಾರಣೆ ನಡೆಸಿ. ಕ್ರೆಮ್ಲಿನ್ ಕಳಿಸಿದ್ದು ಅದೇ ಪಕ್ಷದ, ಬೇರೆ ಊರಿನ ದೆಗ್ತ್ಯಾರೆವ್ ಅವರನ್ನು. ಶನಿವಾರದ ನಡಿಗೆ ತಿಂಗಳುಗಟ್ಟಲೆ ನಡೆಯಿತು. ಅಕ್ಟೋಬರ್ 10ರಂದು ಪೊಲೀಸರು ಮೊದಲ ಬಾರಿಗೆ ಬಲ ಬಳಸಿ ಗುಂಪು ಚದುರಿಸಿದರು. ಚಳಿಗಾಲ ಬಂತು, ಗುಂಪು ಕರಗಿತು.

ವಿಚಾರಣೆ ನಡೆದದ್ದು ಮಾಸ್ಕೋ ಬಳಿಯ ನ್ಯಾಯಾಲಯದಲ್ಲಿ. 2023ರ ಫೆಬ್ರವರಿಯಲ್ಲಿ 22 ವರ್ಷ ಶಿಕ್ಷೆಯಾಯಿತು. 2021ರ ಚುನಾವಣೆಯಲ್ಲಿ ದೆಗ್ತ್ಯಾರೆವ್ ಸುಮಾರು ಶೇ. 57 ಮತ ಪಡೆದು ಗೆದ್ದರು. 2024ರಲ್ಲಿ ಅವರು ಕ್ರೀಡಾ ಸಚಿವರಾಗಿ ಹೋದಾಗ ಅಲ್ಲಿಗೆ ಬಂದ ದೆಮೆಶಿನ್, ಆ ಸೆಪ್ಟೆಂಬರಿನಲ್ಲಿ ಗೆದ್ದದ್ದು ಶೇ. 80ಕ್ಕೂ ಹೆಚ್ಚು ಮತಗಳಿಂದ.

ಅಂಕಿ ಅಷ್ಟನ್ನೇ ನೋಡಿದರೆ ಶೇ. 70ಕ್ಕಿಂತ 80 ದೊಡ್ಡದು. ಆದರೆ ಆ 70ರ ಹಿಂದೆ "ಬೇಡ" ಅನ್ನುವ ಅವಕಾಶವಿತ್ತು. ಫುರ್ಗಾಲ್ ಅಪರಾಧಿಯೋ ನಿರಪರಾಧಿಯೋ ಅಂತ ಇಷ್ಟು ದೂರ ಕೂತು ಹೇಳೋಕೆ ನಾನ್ಯಾರು? ಆದರೆ ಚೌಕಕ್ಕೆ ಬಂದವರು ಒಬ್ಬ ಮನುಷ್ಯನಿಗಾಗಿ ಮಾತ್ರ ಬಂದಿರಲಿಲ್ಲ ಅಂತ ನನಗನ್ನಿಸುತ್ತೆ. ಮುನ್ನೂರು ವರ್ಷದ ಆ ಕುರ್ಚಿಗೆ ಒಮ್ಮೆಯಾದರೂ ತಮಗೆ ಬೇಕಾದವರನ್ನು ತಾವೇ ಕೂರಿಸಿದ್ದರಲ್ಲ, ಆ ಓಟನ್ನು ಹುಡುಕಿಕೊಂಡು ಬಂದಿದ್ದರು.

ಮುಂದಿನ ಸೆಪ್ಟೆಂಬರಿನಲ್ಲಿ ರಷ್ಯಾದ ಯಾವುದೋ ಪ್ರದೇಶದ ಗವರ್ನರ್ ಚುನಾವಣೆಯ ಸುದ್ದಿ ಕಣ್ಣಿಗೆ ಬಿದ್ದರೆ, ಗೆದ್ದವರ ಶೇಕಡಾವಾರು ಆಮೇಲೆ ನೋಡಿ. ಅದಕ್ಕೂ ಒಂದೆರಡು ತಿಂಗಳು ಮೊದಲು ಜರಡಿಯಲ್ಲಿ ಯಾರು ಉಳಿದರು, ಯಾರು ಉದುರಿದರು ಅಂತ ನೋಡಿ. ಚುನಾವಣೆ ನಡೆಯೋದು ಅಲ್ಲಿ. ಸಾಧ್ಯವಾದರೆ ಆ ಪಾರಿವಾಳಗಳನ್ನೂ ಒಮ್ಮೆ ನೆನೆಸಿಕೊಳ್ಳಿ.