ರೀಲ್ ಟೇಪ್ ರೆಕಾರ್ಡರ್‌ನ ದುರಸ್ತಿ

ರೀಲ್ ಟೇಪ್ ರೆಕಾರ್ಡರ್ ಎಂಬುದು ಎರಡು ಬಿಡಿ ಸುರುಳಿಗಳ ನಡುವೆ ಸಾಗುವ ಕಾಂತೀಯ ಪಟ್ಟಿಯ ಮೇಲೆ ಧ್ವನಿಯನ್ನು ಮುದ್ರಿಸುವ ಹಾಗೂ ಅದನ್ನು ಮರಳಿ ನುಡಿಸುವ ಯಂತ್ರ. ಕ್ಯಾಸೆಟ್ಟು ಬಳಕೆಗೆ ಬರುವ ಮೊದಲು ಆಕಾಶವಾಣಿ ಕೇಂದ್ರಗಳಲ್ಲಿಯೂ ಜಾನಪದ ಸಂಗ್ರಹಕಾರರಲ್ಲಿಯೂ ಇದು ಪ್ರಚಲಿತವಾಗಿತ್ತು. ಹಳೆಯ ಯಂತ್ರವನ್ನು ಮನೆಯಲ್ಲಿ ಧ್ವನಿಮುದ್ರಣಕ್ಕೆ ಸಿದ್ಧಗೊಳಿಸುವಾಗ ಒಂದು ಭೇದವನ್ನು ಗಮನಿಸಬೇಕು. ಕೆಟ್ಟ ಯಂತ್ರವನ್ನು ಸರಿಪಡಿಸಬಹುದು; ಅಳಿಸಿಹೋದ ಧ್ವನಿಯನ್ನು ಮರಳಿ ಪಡೆಯಲಾಗದು.

ಇತಿಹಾಸ

ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಮುದ್ರಿಸಿದನು. ಜರ್ಮನಿಯ ಫ್ರಿಟ್ಸ್ ಫ್ಲ್ಯೂಮರ್ 1928ರಲ್ಲಿ ಕಾಗದದ ಪಟ್ಟಿಗೆ ಕಾಂತೀಯ ಪುಡಿಯನ್ನು ಲೇಪಿಸುವ ವಿಧಾನವನ್ನು ರೂಪಿಸಿದನು. 1935ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಗ್ನೆಟೋಫೋನ್ ಯಂತ್ರ ಪ್ರದರ್ಶಿತವಾಯಿತು. ಎರಡನೆಯ ಮಹಾಯುದ್ಧದ ಬಳಿಕ ಈ ತಂತ್ರ ಅಮೆರಿಕಕ್ಕೂ ಉಳಿದ ದೇಶಗಳಿಗೂ ಹರಡಿತು. ಉತ್ತರ ಕರ್ನಾಟಕದ ಶ್ರೋತೃಗಳಿಗೆ ಚಿರಪರಿಚಿತವಾದ ಧಾರವಾಡ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು.

ರಚನೆ

ಸಾಮಾನ್ಯ ಟೇಪಿನ ಅಗಲ ಕಾಲು ಅಂಗುಲ, ಅಂದರೆ ಸುಮಾರು 6.3 ಮಿ.ಮೀ. ಗೃಹಬಳಕೆಯ ಯಂತ್ರಗಳ ವೇಗ ಸೆಕೆಂಡಿಗೆ 19, 9.5 ಅಥವಾ 4.75 ಸೆಂ.ಮೀ. ಕ್ಯಾಪ್‌ಸ್ಟನ್ ಎಂಬ ತಿರುಗುವ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಳ್ಳುವ ರಬ್ಬರಿನ ರೋಲರ್ ಕೂಡಿ ಟೇಪನ್ನು ಒಂದೇ ವೇಗದಲ್ಲಿ ಎಳೆಯುತ್ತವೆ. ಟೇಪು ಅಳಿಸುವ, ಮುದ್ರಿಸುವ ಮತ್ತು ನುಡಿಸುವ ಹೆಡ್‌ಗಳನ್ನು ಕ್ರಮವಾಗಿ ದಾಟಿ ಹೋಗುತ್ತದೆ. ಅಗ್ಗದ ಯಂತ್ರಗಳಲ್ಲಿ ಕೊನೆಯ ಎರಡು ಕೆಲಸಗಳನ್ನು ಒಂದೇ ಹೆಡ್ ಮಾಡುತ್ತದೆ.

ದುರಸ್ತಿಯ ಕ್ರಮ

ವರ್ಷಗಟ್ಟಲೆ ಮೂಲೆ ಸೇರಿದ್ದ ಯಂತ್ರವನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸಬಾರದು. ಒಣಗಿದ ಕೆಪಾಸಿಟರ್‌ಗಳು ಸಿಡಿಯಬಹುದು. ಮೊದಲ ಪರೀಕ್ಷೆಯಲ್ಲಿ 60 ಅಥವಾ 100 ವ್ಯಾಟ್‌ನ ತಂತುದೀಪವನ್ನು ಸೀರೀಸ್‌ನಲ್ಲಿ ಜೋಡಿಸುವುದು ರೂಢಿ. ದೀಪ ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿರುವ ಸಂಭವ ಹೆಚ್ಚು. ವಾಲ್ವ್ ಯಂತ್ರಗಳ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಬಳಿಕವೂ ಪ್ರಾಣಾಪಾಯಕರ ವೋಲ್ಟೇಜ್ ಉಳಿದಿರುತ್ತದೆ. ಆದುದರಿಂದ ಈ ಭಾಗವನ್ನು ಬಲ್ಲವರೇ ಮುಟ್ಟಬೇಕು.

ಬೆಲ್ಟುಗಳು ಕಾಲಕ್ರಮದಲ್ಲಿ ಸಡಿಲವಾಗುತ್ತವೆ ಅಥವಾ ಕರಗಿ ಡಾಂಬರಿನಂತೆ ಅಂಟಿಕೊಳ್ಳುತ್ತವೆ, ಅವುಗಳನ್ನು ಬದಲಿಸಬೇಕು. ಹೆಡ್ ಮತ್ತು ಕ್ಯಾಪ್‌ಸ್ಟನ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬಹುದು. ರಬ್ಬರ್ ರೋಲರಿಗೆ ಮಂದವಾದ ಸಾಬೂನುನೀರು ಉತ್ತಮ. ಹೆಡ್‌ನ ಕಾಂತತ್ವವನ್ನು ಕಳೆಯುವಾಗ ಯಂತ್ರ ಆರಿರಬೇಕು, ಟೇಪುಗಳು ದೂರದಲ್ಲಿರಬೇಕು.

ಅಮೆರಿಕದ ಮಾರುಕಟ್ಟೆಯ ಯಂತ್ರ ದೊರೆತಾಗ ಇನ್ನೊಂದು ತೊಡಕು ಎದುರಾಗುತ್ತದೆ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಬದಲಿಸದು. ಆವರ್ತನವನ್ನೇ ಅವಲಂಬಿಸಿದ ಮೋಟಾರು 60 ಹರ್ಟ್ಸ್‌ಗೆ ರಚಿತವಾಗಿದ್ದರೆ, ನಮ್ಮ 50 ಹರ್ಟ್ಸ್‌ನಲ್ಲಿ ಆರನೆಯ ಒಂದು ಪಾಲು ನಿಧಾನವಾಗಿ ತಿರುಗಿ, ಹಾಡಿನ ಶ್ರುತಿ ಇಳಿಯುತ್ತದೆ. ಇದಕ್ಕೆ ಕ್ಯಾಪ್‌ಸ್ಟನ್ನಿನ ಅಥವಾ ಪುಲ್ಲಿಯ ಅಳತೆಯನ್ನು ಬದಲಿಸಬೇಕಾಗುತ್ತದೆ.

ಟೇಪಿನ ಪರೀಕ್ಷೆ

ದುರಸ್ತಿಯಾದ ಯಂತ್ರವನ್ನು ಮೊದಲು ಬೆಲೆಯಿಲ್ಲದ ಟೇಪಿನಲ್ಲಿ ಪರೀಕ್ಷಿಸಬೇಕು. ಬಿಗಿತ ತಪ್ಪಿದ ಯಂತ್ರ ಟೇಪನ್ನು ಹಿಗ್ಗಿಸಬಹುದು ಅಥವಾ ಹರಿಯಬಹುದು. ಕ್ಯಾಸೆಟ್ಟಿನಲ್ಲಿರುವಂತೆ ಮುರಿದು ತೆಗೆಯಬಹುದಾದ ರಕ್ಷಣೆಯ ಹಲ್ಲು ರೀಲಿಗಿಲ್ಲ. ರೆಕಾರ್ಡ್ ಗುಂಡಿಯನ್ನು ಅರಿಯದೆ ಒತ್ತಿದರೂ ಹಳೆಯ ಧ್ವನಿ ಅಳಿಯುತ್ತದೆ. ಹಳೆಯ ಟೇಪನ್ನು ಕೇಳುವ ಅವಧಿಯಲ್ಲಿ ಮುದ್ರಣದ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸುವುದು ಕ್ಷೇಮ.

ಅಸಿಟೇಟ್ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದರೆ ಬೆಳಕು ತೂರಿ ಕಾಣುತ್ತದೆ; ಕೆಟ್ಟಾಗ ವಿನೆಗರಿನ ವಾಸನೆ ಬರುತ್ತದೆ. 1970 ಮತ್ತು 80ರ ದಶಕಗಳ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಅಂಟುಪದಾರ್ಥ ತೇವ ಹೀರಿ ಜಿಗುಟಾಗಿ, ನುಡಿಸುವಾಗ ಕಿರ್ರೆನ್ನುತ್ತದೆ. ಇಂಥವನ್ನು ತಜ್ಞರು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿ, ತಾತ್ಕಾಲಿಕವಾಗಿ ನುಡಿಸುವ ಸ್ಥಿತಿಗೆ ತರುತ್ತಾರೆ. ಅಸಿಟೇಟ್ ಟೇಪಿಗೆ ಈ ವಿಧಾನ ಸಲ್ಲದು.

ಕೊಪ್ಪಳ ಸೀಮೆ ಮತ್ತು ಧ್ವನಿಮುದ್ರಣ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯು ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಒಳಗೊಂಡಿತ್ತು. ಬಯಲಾಟ, ಭಜನೆ, ತತ್ತ್ವಪದ, ಬೀಸುವ ಪದ ಮತ್ತು ತೊಗಲುಗೊಂಬೆಯಾಟಗಳು ಇಲ್ಲಿ ಬಾಯಿಂದ ಬಾಯಿಗೆ ಉಳಿದುಬಂದಿವೆ. ಕೊಪ್ಪಳ ತಾಲ್ಲೂಕಿನ ಮೊರನಾಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

ಇಂಥ ಕಲೆಗಳಲ್ಲಿ ಲಿಪಿಗೆ ಸಿಗದ ಧಾಟಿ, ಆಲಾಪ ಮತ್ತು ಆಡುಮಾತು ಧ್ವನಿಯಲ್ಲಿ ಮಾತ್ರ ನಿಲ್ಲುತ್ತವೆ. ಆದರೆ 1200 ಅಡಿ ಉದ್ದದ ಟೇಪಿರುವ 7 ಅಂಗುಲದ ರೀಲು 9.5 ಸೆಂ.ಮೀ. ವೇಗದಲ್ಲಿ ಒಂದು ಬದಿಗೆ ಸುಮಾರು 64 ನಿಮಿಷ ಮಾತ್ರ ಓಡುತ್ತದೆ. ಎಂಟು ಗಂಟೆಯ ರಾತ್ರಿಯಾಟಕ್ಕೆ ಎರಡೂ ಬದಿ ಬಳಸಿದರೂ ನಾಲ್ಕು ರೀಲುಗಳು ಬೇಕು. ಪ್ರತಿಬಾರಿ ರೀಲು ಬದಲಿಸುವಾಗ ಆಟದ ಒಂದು ತುಣುಕು ತಪ್ಪಿಹೋಗುತ್ತದೆ.

ಸಂರಕ್ಷಣೆ

ರೀಲುಗಳನ್ನು ಬಿಸಿಲು, ದೂಳು ಮತ್ತು ಸ್ಪೀಕರಿನ ಕಾಂತದಿಂದ ದೂರವಿಟ್ಟು, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಪೆಟ್ಟಿಗೆಯ ಮೇಲೆ ಹಾಡಿದವರ ಹೆಸರು, ಊರು, ದಿನಾಂಕ ಮತ್ತು ವೇಗವನ್ನು ಬರೆದಿಡಬೇಕು. ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘವು ಡಿಜಿಟಲೀಕರಣಕ್ಕೆ ಕನಿಷ್ಠ 48 ಕಿಲೊಹರ್ಟ್ಸ್, 24 ಬಿಟ್ ಗುಣಮಟ್ಟವನ್ನು ಸೂಚಿಸಿದೆ. ಬಿಡಿಭಾಗಗಳೂ ದುರಸ್ತಿಗಾರರೂ ವಿರಳವಾಗುತ್ತಿರುವುದರಿಂದ, ಯಂತ್ರ ಸರಿಹೋದೊಡನೆ ಮನೆಯಲ್ಲಿರುವ ಹಳೆಯ ರೀಲುಗಳ ಪ್ರತಿ ತೆಗೆದಿಡುವುದು ಹೊಸ ಮುದ್ರಣಕ್ಕಿಂತ ಮೊದಲು ಆಗಬೇಕಾದ ಕೆಲಸ.