ಅಮ್ಮನ ಟ್ರಂಕಿನ ಕಾಗದ

ಕಳೆದ ವರ್ಷ ರಜೆಗೆಂದು ಮಣ್ಣಗುಡ್ಡದ ಮನೆಗೆ ಬಂದ ಮಗಳು ಬಟ್ಟೆಯ ಜೊತೆ ಒಂದು ದಪ್ಪ ಫೈಲನ್ನೂ ತಂದಿದ್ದಳು. ಊಟದ ಮೇಜಿನ ಮೇಲೆ ಏಳು ವಿಮಾ ಪಾಲಿಸಿಗಳನ್ನು ಹರಡಿ, "ಅಮ್ಮ, ಕಂತು ಕಟ್ಟಿ ಕಟ್ಟಿ ಸಾಕಾಯಿತು. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?" ಎಂದಳು. ಲೆಕ್ಕದಲ್ಲಿ ನನಗಿಂತ ಜಾಣೆ. ಆದರೂ ಕೇಳಿದಳಲ್ಲ ಎಂದು ಒಳಗೆ ಹೋಗಿ, ನನ್ನ ಅಮ್ಮನ ಟ್ರಂಕಿನಿಂದ ಹಳದಿಯಾದ ಒಂದು ಕಾಗದ ತಂದೆ.

ಅಪ್ಪನಿಗೆ ಬಂದರಿನಲ್ಲಿ ಅಡಿಕೆ ವ್ಯಾಪಾರ. 245 ವಿಮಾ ಸಂಸ್ಥೆಗಳನ್ನು ಒಂದುಗೂಡಿಸಿ 1956ರ ಸೆಪ್ಟೆಂಬರ್ 1ರಂದು ಜೀವ ವಿಮಾ ನಿಗಮ ಹುಟ್ಟಿತು. ಮರುವರ್ಷ ಅಪ್ಪ ಐದು ಸಾವಿರದ ಪಾಲಿಸಿ ಮಾಡಿಸಿದರು. ಏಜೆಂಟರು ನಿವೃತ್ತ ಮಾಸ್ತರು. ಅರ್ಜಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆಸಿದರಂತೆ: ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯಂತೆ, ಹೆಂಡತಿ ಮಕ್ಕಳ ಹಿತಕ್ಕಾಗಿ. 1968ರಲ್ಲಿ ಅಪ್ಪ ತೀರಿಕೊಂಡರು. ಬೊಜ್ಜ ಮುಗಿಯುವ ಮೊದಲೇ ಸಾಲ ಕೊಟ್ಟವರು ಜಗಲಿಯಲ್ಲಿ ಕುಳಿತಿದ್ದರು. ಅಂಗಡಿ ಹೋಯಿತು, ಅಮ್ಮನ ಎರಡೆಳೆ ಸರ ಹೋಯಿತು. ವಿಮೆಯ ಹಣಕ್ಕೂ ಕೈಚಾಚಿದಾಗ ವಕೀಲರು ಆ ಸಾಲಿನ ಮೇಲೆ ಬೆರಳಿಟ್ಟರು. ಹಣ ಅಮ್ಮನ ಕೈಸೇರಿತು. ಹೊಲಿಗೆ ಯಂತ್ರ ಬಂತು, ನಮ್ಮ ಮೂವರ ಶಾಲೆ ನಿಲ್ಲಲಿಲ್ಲ. ಟ್ರಂಕಿನಲ್ಲಿದ್ದದ್ದು ವಕೀಲರ ಗುಮಾಸ್ತರು ಬರೆದುಕೊಟ್ಟ ಅದರ ನಕಲು.

ಆ ಕಾಯಿದೆ 1874ರದು. ಮೊದಲಿಗೆ ಅದು ಹಿಂದೂಗಳಿಗೆ ಅನ್ವಯಿಸುತ್ತದೆಯೇ ಎಂಬುದೇ ವ್ಯಾಜ್ಯವಾಗಿತ್ತು. 1913ರಲ್ಲಿ ಮದ್ರಾಸ್ ಹೈಕೋರ್ಟು ಅನ್ವಯಿಸುತ್ತದೆ ಎಂದಿತು. 1923ರ ತಿದ್ದುಪಡಿ ಅದನ್ನು ಸ್ಪಷ್ಟಪಡಿಸಿತು: ಮದ್ರಾಸಿನಲ್ಲಿ 1913ರ ಡಿಸೆಂಬರ್ 31ರ ನಂತರದ ಪಾಲಿಸಿಗಳಿಗೆ, ಬ್ರಿಟಿಷ್ ಇಂಡಿಯಾದ ಉಳಿದೆಡೆ 1923ರ ಏಪ್ರಿಲ್ 1ರ ನಂತರದವಕ್ಕೆ. ಮಂಗಳೂರು ಆಗ ಮದ್ರಾಸಿಗೆ ಸೇರಿದ್ದು. ಧಾರವಾಡದವರಿಗಿಂತ ಒಂಬತ್ತು ವರ್ಷ ಮೊದಲೇ ನಮ್ಮ ಅಜ್ಜಿಯಂದಿರಿಗೆ ಈ ರಕ್ಷೆಯಿತ್ತು. ಎಷ್ಟು ಮಂದಿಗೆ ಗೊತ್ತಿತ್ತೋ! ಅಳಿಯಸಂತಾನದ ಮನೆಗಳಲ್ಲಂತೂ ಗಂಡನ ಆಸ್ತಿ ಅವನ ಅಕ್ಕತಂಗಿಯರ ಮಕ್ಕಳಿಗೆ ಸೇರುತ್ತಿತ್ತು. ಹೆಂಡತಿಗೆ ತವರಿನ ಬಲವಿತ್ತು ನಿಜ. ಆದರೆ ಅವಳಿಗೆಂದೇ ಏನಾದರೂ ತೆಗೆದಿಡಲು ಬಯಸಿದ ಗಂಡನಿಗೆ ಇದೊಂದು ದಾರಿ. ಸಾಲದವರನ್ನು ವಂಚಿಸಲೆಂದೇ ಮಾಡಿಸಿದ್ದೆಂದು ರುಜುವಾತಾದರೆ ಮಾತ್ರ, ಪಾಲಿಸಿಯ ಹಣದಲ್ಲಿ ಅವರಿಗೂ ಹಕ್ಕುಂಟು.

ಹೆಂಗಸಿನ ಜೀವಕ್ಕೇ ಬೆಲೆ ಕಟ್ಟಿದ್ದು ಇನ್ನೊಂದು ಕಥೆ. 1884ರಲ್ಲಿ ಶುರುವಾದ ಅಂಚೆ ಜೀವ ವಿಮೆ 1894ರಲ್ಲಿ ಇಲಾಖೆಯ ಹೆಣ್ಣು ನೌಕರರನ್ನೂ ಸೇರಿಸಿಕೊಂಡಿತು. ಮನೆಯಲ್ಲಿ ದುಡಿಯುವವಳು ವಿಮೆ ಕೇಳಿದರೆ ಈಗಲೂ ಮೊದಲ ಪ್ರಶ್ನೆ, ಗಂಡನ ಆದಾಯವೆಷ್ಟು ಎಂಬುದೇ. ಅಮ್ಮ ಹೋಗಿದ್ದರೆ ಅಪ್ಪ ನಮ್ಮನ್ನು ಹೇಗೆ ಸಾಕುತ್ತಿದ್ದರೋ, ಅದರ ಲೆಕ್ಕ ಯಾರೂ ಹಾಕಿದವರಲ್ಲ.

ಮೇಜಿನ ಮೇಲಿನ ಏಳಕ್ಕೆ ಬರೋಣ. "ಬದುಕಿದ್ದರೆ ಒಂದು ಪೈಸೆಯೂ ವಾಪಸು ಬರುವುದಿಲ್ಲ" ಎಂದು ಮಗಳು ಗೊಣಗಿದ ಅಳಿಯನ ಟರ್ಮ್ ಪಾಲಿಸಿಯನ್ನೇ ಮೊದಲು ಎತ್ತಿಟ್ಟೆ. ಕಡಿಮೆ ಕಂತಿಗೆ ದೊಡ್ಡ ಮೊತ್ತ ಸಿಗುವುದು ಅದರಲ್ಲೇ. ಅವಳೂ ದುಡಿಯುವವಳು, ಅವಳ ಹೆಸರಿನಲ್ಲೂ ಅಂಥದೊಂದು ಬೇಕು. ಎರಡನೆಯದು ಆರೋಗ್ಯ ವಿಮೆ. ಮೆಡಿಕ್ಲೈಮ್ 1986ರಲ್ಲೇ ಬಂದಿತ್ತು, ನಾವು ಮಾಡಿಸಲಿಲ್ಲ. 1994ರಲ್ಲಿ ಇವರ ಪಿತ್ತಕೋಶದ ಆಪರೇಷನ್ನಿಗೆ ನನ್ನ ನಾಲ್ಕು ಬಳೆ ಮಾರಿದೆವು. ಬ್ಯಾಂಕಿನ ಅಪಘಾತ ವಿಮೆಗೆ ವರ್ಷಕ್ಕೆ 20 ರೂಪಾಯಿ, ಸತ್ತರೆ ಎರಡು ಲಕ್ಷ. ಅದಕ್ಕೆ ಚರ್ಚೆಯೇ ಬೇಡ.

ಉಳಿದ ನಾಲ್ಕೂ ಮನಿಬ್ಯಾಕ್, ಎಂಡೋಮೆಂಟ್. ವಿಮೆಯ ಸೀರೆ ಉಟ್ಟ ಉಳಿತಾಯ! ಕಂತು ಭಾರ, ಸತ್ತರೆ ಸಿಗುವುದು ಅಲ್ಪ. ಅವಧಿ ಮುಗಿಯಲು ಬಂದ ಎರಡು ಇರಲಿ. ಇನ್ನೆರಡಕ್ಕೆ, ಕಂತು ನಿಲ್ಲಿಸಿದರೂ ಕಟ್ಟಿದಷ್ಟಕ್ಕೆ ಪಾಲಿಸಿ ಉಳಿಯುತ್ತದೆಯೇ ಎಂದು ಕಚೇರಿಯಲ್ಲೇ ವಿಚಾರಿಸು, ಏಜೆಂಟರನ್ನು ಕೇಳಬೇಡ ಎಂದೆ.

ಅಳಿಯನ ಪಾಲಿಸಿಯಲ್ಲಿ ಮಗಳ ಹೆಸರು ನಾಮಿನಿ ಎಂದಷ್ಟೇ ಇತ್ತು. ಅಜ್ಜನ ಕಾಗದದ ಆ ಸಾಲು ಇರಲಿಲ್ಲ. ಅದನ್ನು ಪಾಲಿಸಿ ಮಾಡಿಸುವಾಗಲೇ ಬರೆಸಬೇಕು. ಅಳಿಯನದೂ ಸ್ವಂತ ವ್ಯಾಪಾರ, ಬ್ಯಾಂಕಿನ ಸಾಲವಿದೆ. ಮಗಳು ನಕಲನ್ನು ಎರಡು ಸಲ ಓದಿದಳು. ಮೊಬೈಲಿನಲ್ಲಿ ಅದರ ಫೋಟೋ ಹಿಡಿದು ಗಂಡನಿಗೆ ಕಳುಹಿಸಿ, "ಹೊಸತು ಮಾಡಿಸುವಾಗ ಇದನ್ನು ಬರೆಸಬೇಕು" ಎಂದು ಕೆಳಗೆ ಬರೆದಳು.