ಪೂರ್ವ ಜರ್ಮನಿಯ ಸಲಿಂಗಿಗಳು: ಕಾನೂನು ಮತ್ತು ಕಡತ

ಕಾನೂನಿನ ಪುಸ್ತಕವನ್ನಷ್ಟೇ ಓದಿದವರಿಗೆ, ಸಲಿಂಗಿಗಳ ವಿಷಯದಲ್ಲಿ ಪೂರ್ವ ಜರ್ಮನಿಯು ಪಶ್ಚಿಮ ಜರ್ಮನಿಗಿಂತ ಉದಾರವಾಗಿದ್ದಂತೆ ತೋರುತ್ತದೆ. ಪುರುಷರ ನಡುವಣ ಸಂಬಂಧವನ್ನು ಅಪರಾಧವೆಂದು ಸಾರಿದ 175ನೆಯ ಕಲಮು 1871ರಷ್ಟು ಹಳೆಯದು. 1935ರಲ್ಲಿ ನಾಜಿಗಳು ಅದನ್ನು ಇನ್ನಷ್ಟು ಕಠೋರಗೊಳಿಸಿದರು. ಯುದ್ಧಾನಂತರ ಪಶ್ಚಿಮ ಜರ್ಮನಿಯು ಆ ಕಠೋರ ರೂಪವನ್ನೇ 1969ರವರೆಗೆ ಉಳಿಸಿಕೊಂಡು ಸುಮಾರು 50,000 ಮಂದಿಗೆ ಶಿಕ್ಷೆ ವಿಧಿಸಿತು. ಪೂರ್ವದ ನ್ಯಾಯಾಲಯಗಳಾದರೋ 1950ರಲ್ಲಿಯೇ ನಾಜಿಪೂರ್ವದ ರೂಪಕ್ಕೆ ಮರಳಿದವು. 1957ರ ಬಳಿಕ ವಯಸ್ಕರ ಮೇಲಿನ ಮೊಕದ್ದಮೆಗಳು ಬಹುಮಟ್ಟಿಗೆ ನಿಂತವು. 1968ರ ಹೊಸ ದಂಡಸಂಹಿತೆಯಲ್ಲಿ ಆ ಕಲಮೇ ಇರಲಿಲ್ಲ. ಅದರ ಬದಲಿಗೆ ಬಂದ 151ನೆಯ ಕಲಮು, 18 ವರ್ಷದೊಳಗಿನವರೊಡನೆ ವಯಸ್ಕರು ಸಲಿಂಗ ಸಂಬಂಧ ಬೆಳೆಸುವುದನ್ನು ದಂಡಾರ್ಹಗೊಳಿಸಿತು. ಗಂಡು ಹೆಣ್ಣಿನ ಸಂಬಂಧಕ್ಕೆ ಆ ಮಿತಿ 14 ವರ್ಷ. ಹಳೆಯ ಕಲಮು ಮುಟ್ಟದಿದ್ದ ಹೆಂಗಸರನ್ನೂ ಈ ಸುಧಾರಣೆ ತನ್ನ ವ್ಯಾಪ್ತಿಗೆ ತಂದಿತೆಂಬುದನ್ನು ಮರೆಯಲಾಗದು.

ಆದರೆ ಆ ರಾಜ್ಯದ ನಿಜವಾದ ಭಯವಿದ್ದುದು ಜನ ಒಟ್ಟುಗೂಡುವುದರ ಬಗ್ಗೆ. ಪಕ್ಷದ ಅನುಮತಿಯಿಲ್ಲದೆ ಸಂಘ ಕಟ್ಟುವಂತಿರಲಿಲ್ಲ, ಪತ್ರಿಕೆ ಅಚ್ಚುಮಾಡುವಂತಿರಲಿಲ್ಲ. 1973ರಲ್ಲಿ, ಪಶ್ಚಿಮದ ದೂರದರ್ಶನದಲ್ಲಿ ರೋಜಾ ಫಾನ್ ಪ್ರೌನ್‌ಹೈಮ್ ಅವರ ಚಲನಚಿತ್ರವೊಂದನ್ನು ಕಂಡ ಕೆಲವರು ಪೂರ್ವ ಬರ್ಲಿನ್ನಿನಲ್ಲಿ ಗುಂಪೊಂದನ್ನು ಕಟ್ಟಿದರು. ಅದಕ್ಕೆ ಮಾನ್ಯತೆ ಎಂದೂ ದೊರೆಯಲಿಲ್ಲ. ಶಾರ್ಲೊಟ್ಟೆ ಫಾನ್ ಮಾಲ್ಸ್‌ಡೋರ್ಫ್ ಎಂಬವರು ಹಳೆಯ ಪೀಠೋಪಕರಣ, ಗಡಿಯಾರಗಳನ್ನು ಕೂಡಿಹಾಕಿ ನಡೆಸುತ್ತಿದ್ದ ವಸ್ತುಸಂಗ್ರಹಾಲಯದಲ್ಲಿ ಆ ಗುಂಪು ಸೇರುತ್ತಿದ್ದಿತು. 1978ರಲ್ಲಿ ಉರ್ಸುಲಾ ಸಿಲ್ಗೆ ಅವರು ಅಲ್ಲಿ ಹೆಂಗಸರ ಸಮಾವೇಶವನ್ನು ಕರೆದಾಗ ಪೊಲೀಸರು ಅದನ್ನು ನಿಷೇಧಿಸಿದರು, ಬಾಗಿಲು ಮುಚ್ಚಿತು.

ಉಳಿದ ಆಸರೆ ಚರ್ಚು. ಪಕ್ಷದ ಹಿಡಿತಕ್ಕೆ ಪೂರ್ಣವಾಗಿ ಸಿಗದ ಏಕಮಾತ್ರ ಸೂರು ಅದಾಗಿದ್ದಿತು. 1982ರಲ್ಲಿ ಲೈಪ್‌ಜಿಗ್‌ನಲ್ಲಿ, ಎಡುವಾರ್ಡ್ ಸ್ಟಾಪೆಲ್ ಮುಂತಾದವರ ಯತ್ನದಿಂದ, ಪ್ರಾಟೆಸ್ಟೆಂಟ್ ವಿದ್ಯಾರ್ಥಿ ಬಳಗದ ಆಶ್ರಯದಲ್ಲಿ ಸಲಿಂಗಿಗಳ ಗುಂಪು ಹುಟ್ಟಿತು. ಇತರ ನಗರಗಳೂ ಅದನ್ನು ಅನುಸರಿಸಿದವು. ಇದರೊಂದಿಗೆ ಗುಪ್ತಚರ ಇಲಾಖೆಯಾದ ಸ್ಟಾಸಿಯ ಕಡತಗಳೂ ಬೆಳೆದವು. ಸಭೆಗೆ ಬಂದವರಲ್ಲಿ ಕೆಲವರು ಮಾಹಿತಿದಾರರೇ ಆಗಿರುತ್ತಿದ್ದರು. 1976ರ ಇಲಾಖಾ ನಿರ್ದೇಶನವೊಂದು, ಬಂಧಿಸದೆಯೇ ವ್ಯಕ್ತಿಯನ್ನು ಕುಗ್ಗಿಸುವ ಉಪಾಯಗಳನ್ನು ಬರೆದಿಟ್ಟಿದ್ದಿತು: ಹೆಸರಿಗೆ ಮಸಿ ಬಳಿಯುವುದು, ಉದ್ಯೋಗದಲ್ಲಿ ಸೋಲನ್ನು ಹೆಣೆಯುವುದು, ಗೆಳೆಯರಲ್ಲಿ ಸಂಶಯ ಬಿತ್ತುವುದು. ಮನೆಯವರಿಂದಲೂ ತನ್ನ ಒಲವನ್ನು ಬಚ್ಚಿಟ್ಟವನಿಗೆ ಇಷ್ಟೇ ಸಾಕು, ಜೈಲು ಬೇಕಿಲ್ಲ.

ನಾಜಿಗಳಿಗೆ ಬಲಿಯಾದವರ ಸ್ಮರಣೆ ಆ ರಾಜ್ಯದ ಹೆಮ್ಮೆಯ ಕರ್ತವ್ಯವಾಗಿದ್ದಿತು. ಆದರೂ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ಮಡಿದ ಸಲಿಂಗಿ ಹೆಂಗಸರನ್ನು ನೆನೆಯಲೆಂದು ಬರ್ಲಿನ್ನಿನ ಚರ್ಚು ಬಳಗದ ಕೆಲವು ಹೆಂಗಸರು 1985ರ ಏಪ್ರಿಲಿನಲ್ಲಿ ಹೊರಟಾಗ ಪೊಲೀಸರು ಅವರನ್ನು ತಡೆದು ವಶಕ್ಕೆ ತೆಗೆದುಕೊಂಡರು. ಹೂವಿನ ಮಾಲೆಗೂ ಹೆದರಿದ ರಾಜ್ಯವದು.

ಅನಂತರ ನೀತಿ ಬದಲಾಯಿತು. ಸಲಿಂಗಿಗಳನ್ನು ಚರ್ಚಿನಿಂದ ಸೆಳೆದುಕೊಳ್ಳುವ ಲೆಕ್ಕಾಚಾರವೂ ಇದರಲ್ಲಿದ್ದಿತು. 1987ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು 151ನೆಯ ಕಲಮಿನಡಿಯ ಶಿಕ್ಷೆಯೊಂದನ್ನು ರದ್ದುಗೊಳಿಸಿ, ಸಲಿಂಗಾಸಕ್ತಿಯೂ ಲೈಂಗಿಕ ನಡವಳಿಕೆಯ ಒಂದು ಬಗೆಯೆಂದು ತೀರ್ಪಿತ್ತಿತು. 1988ರ ಡಿಸೆಂಬರಿನಲ್ಲಿ ಸಂಸತ್ತು ಕಲಮನ್ನೇ ತೆಗೆಯಿತು. ಸಲಿಂಗಿ ಶಿಕ್ಷಕನೊಬ್ಬನ ಕಥೆ ಹೇಳುವ, ಹೈನರ್ ಕಾರೋ ನಿರ್ದೇಶಿಸಿದ ‘ಕಮಿಂಗ್ ಔಟ್’ ಚಿತ್ರದ ಪ್ರಥಮ ಪ್ರದರ್ಶನ ಪೂರ್ವ ಬರ್ಲಿನ್ನಿನಲ್ಲಿ ನಡೆದದ್ದು 1989ರ ನವೆಂಬರ್ 9ರ ರಾತ್ರಿ. ಪ್ರೇಕ್ಷಕರು ಹೊರಬರುವ ಹೊತ್ತಿಗೆ ಗೋಡೆಯ ದ್ವಾರಗಳು ತೆರೆಯುತ್ತಿದ್ದವು. ಏಕೀಕರಣದ ಬಳಿಕ ಒಂದು ವಿಚಿತ್ರ ನಡೆಯಿತು: ಪಶ್ಚಿಮದಲ್ಲಿ 175ನೆಯ ಕಲಮಿನ ಅವಶೇಷವು 1994ರವರೆಗೂ ಜಾರಿಯಲ್ಲಿದ್ದಿತು, ಹಳೆಯ ಪೂರ್ವ ಪ್ರದೇಶಕ್ಕೆ ಅದು ಅನ್ವಯಿಸಲಿಲ್ಲ.

1991ರ ಕೊನೆಯ ಕಾಯಿದೆಯೊಂದು ಸ್ಟಾಸಿಯ ಕಡತಗಳನ್ನು ಅವುಗಳಲ್ಲಿ ಹೆಸರಿದ್ದವರಿಗೇ ತೆರೆದುಕೊಟ್ಟಿತು. ಕಪಾಟುಗಳ ಉದ್ದ ನೂರು ಕಿಲೋಮೀಟರಿಗೂ ಮಿಗಿಲು. ಯಾರು ತಮ್ಮ ಬಗ್ಗೆ ವರದಿ ಬರೆದಿದ್ದರೆಂಬುದನ್ನು ಜನರು ಮೊದಲ ಸಲ ಓದಿದರು. ಮುಂದೆ ಬೆಳಕಿಗೆ ಬಂದ ಕಡತಗಳಲ್ಲಿ, ಒಂದು ಕಾಲಕ್ಕೆ ಎಲ್ಲರಿಗೂ ಬಾಗಿಲು ತೆರೆದಿದ್ದ ಶಾರ್ಲೊಟ್ಟೆಯವರ ಹೆಸರೂ ಮಾಹಿತಿದಾರರ ಸಾಲಿನಲ್ಲಿದ್ದಿತು.